ಯಾರಿಗೆ ಬಿಡು ಅಂದದ್ದು

ರಾಯಚೂರಿನ ಹೊರಗೆ ಒಂದು ಕಾರ್ಖಾನೆಯ ದೊಡ್ಡ ಚಿಮಣಿ ಏಳುತ್ತಿದ್ದ ಕಾಲ, ಎಂಬತ್ತೆರಡೋ ಎಂಬತ್ಮೂರೋ. ನಾನು ಶಂಶುದ್ದೀನ್, ಮಾನ್ವಿಯ ಅಕ್ಕಿ ಗಿರಣಿ ಬಿಟ್ಟು ಬಂದು ಅಲ್ಲಿ ವಿಂಚು ನಡೆಸುತ್ತಿದ್ದೆ. ಚಿಮಣಿಯೊಳಗೆ ಆಳು ನಿಲ್ಲುವ ಕಬ್ಬಿಣದ ತೊಟ್ಟಿಲನ್ನು ತಂತಿಹಗ್ಗದಲ್ಲಿ ಏರಿಸಿ ಇಳಿಸುವುದು ನನ್ನ ಕೆಲಸ. ಹೊರಗೆ ಕೂತ ನನಗೆ ಒಳಗಿನದೇನೂ ಕಾಣುತ್ತಿರಲಿಲ್ಲ. ಚಿಮಣಿಯ ತುದಿಯಲ್ಲಿ ನಿಂತು ಒಳಗೆ ನೋಡುವ ದೇವದುರ್ಗದ ಮರಿಸ್ವಾಮಿ ಹೇಳಿದಂತೆ ಬ್ರೇಕು ಹಿಡಿಯಬೇಕು, ಬಿಡಬೇಕು.

ಮೊದಲು ಸೀಟಿ ಊದುತ್ತಿದ್ದರು, ಸುಖವಾಗಿದ್ದೆವು. ಕಂಟ್ರಾಕ್ಟರ್ ವಿರೂಪಣ್ಣನಿಗೆ ಶೋಕಿ ಹತ್ತಿತು, ಎರಡು ವೈರ್‌ಲೆಸ್ ಪೆಟ್ಟಿಗೆ ತಂದ, ನನಗೊಂದು ಮರಿಸ್ವಾಮಿಗೊಂದು. ಪಕ್ಕದಲ್ಲಿ ವೆಲ್ಡಿಂಗ್ ಶುರುವಾದರೆ ಸಾಕು, ಆ ಹಾಳು ಪೆಟ್ಟಿಗೆ ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಚರಗುಟ್ಟಿ ಅರ್ಧ ಮಾತು ನುಂಗುತ್ತಿತ್ತು.

ಆ ಮಧ್ಯಾಹ್ನ ತೊಟ್ಟಿಲಲ್ಲಿ ಇದ್ದವನು ಸೈಫುದ್ದೀನ್, ನನ್ನ ಮಗಳು ಜಾಹೆದಾಳ ಗಂಡ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅರ್ಧ ಎತ್ತರಕ್ಕೆ ಹೋದಾಗ ಹಗ್ಗ ಜಗ್ಗಿತು. ಬ್ರೇಕು ಹಾಕಿದೆ. ಪೆಟ್ಟಿಗೆಯಲ್ಲಿ ಚರ್ರೆಂಬ ಸದ್ದು, ಅದರ ನಡುವೆ ಮರಿಸ್ವಾಮಿಯ ಚೀರು: "...ಬಿಡು!"

ನಾನು ಬ್ರೇಕಿನ ಲಿವರು ಬಿಡಲಿಲ್ಲ. ಮರಿಸ್ವಾಮಿ ನನಗೆ ಎಂದೂ ಬರೀ 'ಬಿಡು' ಅಂದವನಲ್ಲ. ಹಿರಿಯನೆಂದು "ಬಿಡ್ರಿ ಚಾಚಾ" ಅನ್ನುತ್ತಿದ್ದ. ಹಾಗಾದರೆ ಇದು ಸೈಫುಗೆ ಹೇಳಿದ್ದು. ಅವನು ಏನನ್ನೋ ಹಿಡಿದುಕೊಂಡಿದ್ದಾನೆ, ನಾನು ಇಳಿಸಿದರೆ ಕಾಲಡಿಯ ತೊಟ್ಟಿಲೇ ಜಾರಿಹೋಗುತ್ತದೆ!

"ಬಿಡು ಅಂದನಲ್ಲೋ, ಕಿವಿ ಕೇಳಂಗಿಲ್ಲೇನು? ಇಳಸು!" ವಿರೂಪಣ್ಣ ಮೈಮೇಲೆ ಬಂದ.

"ಅದು ನನಗಂದಿಲ್ರಿ!"

ಅಂದೆನೇ ಹೊರತು ಖಾತ್ರಿ ಇರಲಿಲ್ಲ. ಒಂದು 'ರಿ' ಇಲ್ಲದ್ದನ್ನು ನಂಬಿಕೊಂಡು ಅಳಿಯನ ಜೀವ ಹಿಡಿದು ಕೂತಿದ್ದೆ. ತಪ್ಪಾದರೆ ಜಾಹೆದಾಳಿಗೆ ಯಾವ ಮುಖ ತೋರಿಸಲಿ?

"ವೆಲ್ಡಿಂಗ್ ಬಂದ್ ಮಾಡ್ರಲೇ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಯಾರೋ ಓಡಿಹೋಗಿ ಅದರ ಮೇನ್ ಸ್ವಿಚ್ಚು ಎಳೆದರು. ಪೆಟ್ಟಿಗೆಯ ಗದ್ದಲ ಒಮ್ಮೆಲೇ ನಿಂತು ಮರಿಸ್ವಾಮಿಯ ದನಿ ತಿಳಿಯಾಗಿ ಬಂತು.

"ಚಾಚಾ, ಹಿಡೀರಿ, ಬಿಡಬ್ಯಾಡ್ರಿ! ತೊಟ್ಟಿಲು ವಾಲ್ಯದ, ಇವ ಗ್ವಾಡಿ ಸರಳಿಗೆ ಜೋತುಬಿದ್ದಾನ. ಲೇ ಸೈಫು, ಕಾಲು ತೊಟ್ಟಿಲದಾಗ ಇಡು. ಹಾಂ, ಈಗ ಸರಳು ಬಿಡು... ಇಳಸ್ರಿ ಚಾಚಾ, ಸಾವಕಾಶ."

ಸೈಫು ಕೆಳಗೆ ಬಂದಾಗ ಅವನ ಅಂಗೈ ಚರ್ಮ ಕಿತ್ತುಹೋಗಿತ್ತು. ಎಲ್ಲರೆದುರು ಅವನನ್ನು ತಬ್ಬಿಕೊಂಡು ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ. ಅಷ್ಟರಲ್ಲಿ ಮರಿಸ್ವಾಮಿ ಏಣಿ ಇಳಿದು ಬಂದ. ನನಗೋ ಸ್ವಲ್ಪ ಜಂಬ.

"ಬಿಡ್ರಿ ಅನಲಿಲ್ಲಲ್ಲ ನೀ, ಅದಕ್ಕ ನನಗಲ್ಲ ಅಂತ ತಿಳಕೊಂಡೆ."

ಮರಿಸ್ವಾಮಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಮೊದಲನೇದು ನಿಮಗಂದದ್ದರೀ ಚಾಚಾ. ತೊಟ್ಟಿಲು ವಾಲಿದ್ದಷ್ಟ ಕಂಡಿತ್ತು, ಇವ ಸರಳು ಹಿಡದದ್ದು ಕಂಡಿದ್ದಿಲ್ಲ. ಲಗೂನ ಕೆಳಗ ಬಿಡು ಅಂತ ಚೀರಿದೆ. ಆ ಅಂಜಿಕ್ಯಾಗ ಮರ್ಯಾದಿ ಎಲ್ಲಿ ನೆನಪಿರ್ತದ್ರಿ?"

ನಾನು ವಿಂಚಿನ ಪಕ್ಕದ ಮಣ್ಣಿನಲ್ಲೇ ಕೂತುಬಿಟ್ಟೆ. ಸೈಫು ನೀರು ತಂದ. ಆ ಕಿತ್ತುಹೋದ ಅಂಗೈಗಳಲ್ಲೇ ಲೋಟ ಹಿಡಿದು ಅವನೇ ನನಗೆ ಕುಡಿಸಿದ.