ಸಾಹೇಬರ ವ್ಯಾನಿನಲ್ಲಿ ಅಕ್ಕನ ದನಿ

"ಅಯ್ಯೋ, ಇದು ನನ್ನ ದನಿ ಅಲ್ವಾ?"

ಕೇಳಿಸಿಕೊಳ್ಳಲು ಅಂಗಡಿಯಲ್ಲಿ ಯಾರೂ ಇರಲಿಲ್ಲ. ಹೊಲಿಗೆ ಯಂತ್ರ ತುಳಿಯುತ್ತಿದ್ದ ಅಕ್ಕನ ಕಾಲು ತಾನಾಗಿ ನಿಂತಿತು. ಅರ್ಧ ಹೊಲಿದ ತೋಳು ಸೂಜಿಯ ಕೆಳಗೇ ಉಳಿಯಿತು. ಬೀದಿಯ ತಿರುವಿನಲ್ಲಿ ಪಕ್ಷದ ಪ್ರಚಾರದ ವ್ಯಾನು ತೆವಳುತ್ತ ಬರುತ್ತಿತ್ತು. ಅದರ ನೆತ್ತಿಯ ಮೈಕು ಹಾಡುತ್ತಿದ್ದುದು ಆಕೆ ವಾರವಾರ ಪ್ರಾರ್ಥನಾ ಮಂದಿರದಲ್ಲಿ ಹೇಳುವ ಪದ್ಯವನ್ನೇ.

ಬೀದಿಗೆಲ್ಲ ಆಕೆ ಪದ್ಯದಕ್ಕ. ಮಂದಿರದಲ್ಲಿ ಪದ್ಯ ಹೇಳುತ್ತಿದ್ದ ಅಪ್ಪನ ಪಕ್ಕ ಕೂತು, ಕೇಳಿ ಕೇಳಿ ಬಾಯಿಗೆ ಬಂದ ಪದ್ಯಗಳು. ಹೇಳುವವರು ಪ್ರಶ್ನೆಗೆ ನಿಲ್ಲಿಸಬೇಕು, ಉತ್ತರ ಕೂತು ಕೇಳುವವರದ್ದು. ಅದು ಆ ಪ್ರಾರ್ಥನೆಯ ಕ್ರಮ. "ಕತ್ತಲೊಳು ಕೈಯ ಹಿಡಿವವರಾರು, ಕಡೆತನಕ ಕಾಯುವವರಾರು?" ಎಂದು ಅಕ್ಕ ದನಿ ಏರಿಸಿದರೆ, "ನೀನೇ ದೇವ, ನೀನೊಬ್ಬನೇ" ಎಂದು ಮಂದಿರವೆಲ್ಲ ಓಗೊಡುತ್ತಿತ್ತು.

ವ್ಯಾನು ಅಂಗಡಿಯೆದುರು ಬಂತು. "ಕಡೆತನಕ ಕಾಯುವವರಾರು?" ಎಂದಿತು ಅಕ್ಕನ ದನಿ.

"ನಮ್ಮ ಸಾಹೇಬರು! ನಿಮ್ಮ ಮತ ಸಾಹೇಬರಿಗೇ!" ಎಂದು ಗಂಡು ದನಿಯೊಂದು ಅರಚಿತು.

ಅಕ್ಕನ ಮೈ ಉರಿದುಹೋಯಿತು.

ವ್ಯಾನಿನ ಹಿಂದೆಯೇ ತಮ್ಮ ನಗುತ್ತ ಒಳಬಂದ. ಈ ಬೀದಿಯಲ್ಲಿ ಪಕ್ಷದ ಕೆಲಸವೆಲ್ಲ ಅವನದೇ. "ಹೆಂಗಿದೆ ಅಕ್ಕಾ? ಮಂದಿರದಲ್ಲಿ ಮೊಬೈಲಲ್ಲಿ ಹಿಡ್ಕೊಂಡಿದ್ದೆ. ಐಡಿಯಾ ನಂದೇ!"

"ನಿನ್ನ ತಲೇಲಿ ಇಷ್ಟು ಬರೋದೇ ಹೆಚ್ಚು. ದೇವರ ಜಾಗದಲ್ಲಿ ಆ ಮನುಷ್ಯನ್ನ ಕೂರಿಸಿದೀಯಲ್ಲೋ!"

"ಒಂದು ಸಾಲಿಗೆ ಇಷ್ಟು ರಂಪಾನಾ? ನಮ್ಮೋರೇ ಅಲ್ವಾ ಅವರು?"

"ಕೈಮುಗಿದು ಕೂತ್ಕೊಂಡು ಕೇಳೋ ಪದ್ಯ ಕಣೋ ಅದು. ಬೀದಿ ನಾಯಿ ಓಡಿಸೋಕಲ್ಲ."

ತಮ್ಮನ ಮುಖ ಸಣ್ಣದಾಯಿತು. ಆದರೂ ಬಂದ ಕೆಲಸ ಬಿಡಲಿಲ್ಲ. ನಾಳೆ ಸಂಜೆಯ ಸಭೆಗೆ ಅಕ್ಕನೇ ವೇದಿಕೆ ಹತ್ತಿ ಪದ್ಯ ಹೇಳಬೇಕು. ಹೇಳಿಸಿದರೆ ಮುಂದಿನ ನಗರಸಭೆಗೆ ಅವನಿಗೇ ಟಿಕೆಟ್ಟು. ಸಾಹೇಬರು ಮಾತು ಕೊಟ್ಟಿದ್ದಾರೆ.

ಹೋದ ಚುನಾವಣೆಯಲ್ಲೂ ಅಕ್ಕ ವೇದಿಕೆ ಹತ್ತಿದ್ದಳು. ಮಂದಿರಕ್ಕೆ ಬರುತ್ತಿದ್ದ ಗಿರಣಿಯ ಹೆಂಗಸರಿಗೆ, "ಪ್ರಾರ್ಥನೆ ದಿನದ ರಜೆ ಇವರು ಉಳಿಸ್ತಾರೆ, ನನ್ನ ಮಾತು ನಂಬಿ" ಎಂದು ಕೈಮುಗಿದಿದ್ದಳು. ನಂಬಿದರು, ಮತ ಹಾಕಿದರು. ಗೆದ್ದ ಪಕ್ಷ ಆ ದಿನವೂ ಗಿರಣಿ ನಡೆಸಲು ಅಪ್ಪಣೆ ಕೊಟ್ಟಿತು. ಈಗ ಆ ಹೆಂಗಸರೆಲ್ಲ ಗಿರಣಿಯಲ್ಲಿ, ಮಂದಿರದಲ್ಲಿ ಅಕ್ಕ ಪ್ರಶ್ನೆ ಕೇಳಿದರೆ ಉತ್ತರಕ್ಕೆ ಕೆಮ್ಮುವ ಮುದುಕರಿಬ್ಬರು.

ಅಷ್ಟರಲ್ಲಿ ಸಾಹೇಬರೇ ಬಂದರು. ತೂಗುಹಾಕಿದ್ದ ಅಂಗಿಗಳ ಕೆಳಗೆ ತಲೆ ತಗ್ಗಿಸಿ, ಚೆಲ್ಲಿದ್ದ ಚಿಂದಿ ತುಳಿಯುತ್ತ, "ತಾಯೀ, ನಿಮ್ಮ ಬಾಯಿಂದ ಶುರುವಾದ್ರೆ ಅರ್ಧ ಗೆದ್ದಂಗೆ" ಎಂದರು.

"ರಜೆ ಏನಾಯ್ತು ಸಾಹೇಬ್ರೆ?"

"ನೋಡೋಣ ತಾಯಿ. ಗೆಲ್ಲೋಣ ಮೊದ್ಲು."

"ಹೋದ ಸಲ ಗೆದ್ದಿದ್ರಲ್ಲ."

ಸಾಹೇಬರು ತಮ್ಮನ ಕಡೆ ನೋಡಿದರು. ತಮ್ಮ ಗೋಡೆಯ ಕಡೆ ನೋಡಿದ.

"ಹಂಗಂತ ಆ ಕಡೆಯೋರಿಗೆ ಹಾಕ್ತೀರಾ? ದೇವರನ್ನೇ ನಂಬದೋರಿಗೆ?" ಸಾಹೇಬರು ನಕ್ಕರು.

"ಇವರು ಇನ್ನೆಲ್ಲಿ ಹೋಗ್ತಾರೆ ಅನ್ನೋದೇ ನಿಮ್ಮ ಧೈರ್ಯ. ನಾವೆಲ್ಲೂ ಹೋಗಿಲ್ಲ. ನಮ್ಮಪ್ಪ ಕೂತಿದ್ದ ಜಾಗದಲ್ಲೇ ಕೂತಿದೀವಿ. ಎದ್ದು ಹೋದೋರು ನೀವು. ಹೋದೋರು ಹಿಂದಿರುಗಿ ನೋಡಲೂ ಇಲ್ಲ."

ಸಾಹೇಬರ ನಗು ಹಲ್ಲಿನಲ್ಲೇ ಉಳಿಯಿತು. "ನಿಮ್ಮಕ್ಕನ್ನ ಒಪ್ಪಿಸೋದು ನಿನಗೆ ಬಿಟ್ಟಿದ್ದು" ಎಂದು ತಮ್ಮನ ಹೆಗಲು ತಟ್ಟಿ ಹೊರನಡೆದರು. ತಟ್ಟಿದ್ದು ಕೊಂಚ ಜೋರಾಗಿಯೇ ಕೇಳಿಸಿತು.

ತಮ್ಮ ಚಿಂದಿಯ ಮೇಲೆಯೇ ಕುಕ್ಕರಿಸಿದ. ಅಮ್ಮ ಹೋದಮೇಲೆ ಅಕ್ಕ ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ. ಈಗ ಅವನ ಕಿವಿಯ ಮೇಲೆ ನರೆ. ಹತ್ತಾರು ವರ್ಷ ಪೋಸ್ಟರು ಅಂಟಿಸಿ ಅಂಟಿಸಿ ಅಂಗೈ ಒರಟಾಗಿತ್ತು.

"ಇದೊಂದು ಸಲ ಅಕ್ಕಾ. ಪಕ್ಷಕ್ಕೆ ಬೇಡ, ನನಗೋಸ್ಕರ. ನಿನ್ನ ಕಾಲಿಗೆ ಬೀಳ್ತೀನಿ, ಒಂದೇ ಪದ್ಯ."

ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟಳು. ಕೈ ಅಲ್ಲೇ ಇತ್ತು.

"ಹೇಳಲ್ಲ" ಎಂದಳು. "ಅವರಿಗೂ ಹೇಳಲ್ಲ, ನಿನಗೋಸ್ಕರಾನೂ ಹೇಳಲ್ಲ."