ಕದಿರಿನ ನಕ್ಷತ್ರ

ಕಾಲ್ಬೆರಳಿನಿಂದ ಹಿಡಿದ ಹೊಲಿಗೆ ಮೊಣಕಾಲು ದಾಟಿ ಬಂದಿತ್ತು. ಅವಿಸ್ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ನಿಲ್ಲಿಸಿ, ಹೊಸ ದಾರದ ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಳ್ಳುತ್ತ ಅತ್ತೆಯ ಮುಖದ ಕಡೆ ನೋಡಿದಳು. ಮುಖವನ್ನು ಕೊನೆಗೆ ಮುಚ್ಚಬೇಕು. ಅದು ಥಾಮಸೀನಳೇ ಕಲಿಸಿದ ಕ್ರಮ. ಹದಿನಾರು ವರ್ಷಗಳಿಂದ ಈ ಊರಿನಲ್ಲಿ ಸತ್ತವರೆಲ್ಲರನ್ನೂ ಅವರವರ ಕೊನೆಯ ಬಟ್ಟೆಯೊಳಗಿಟ್ಟು ಹೊಲಿದವಳು ಆಕೆ. ಈಗ ಆಕೆಯ ಸರದಿ ಬಂದಿತ್ತು.

"ಬಿಗಿಯಾಗಿ ಹಾಕೇ," ಎಂದಳು ಮಗ್ಗುಲಲ್ಲಿ ಮೇಣದ ಬತ್ತಿ ಹಿಡಿದು ಕುಳಿತಿದ್ದ ನೆರೆಮನೆಯ ಸಬೀನಾ. "ಇಲ್ದಿದ್ರೆ ನಿಮ್ಮತ್ತೆ ಎದ್ದು ಕೂತು, ಎಲ್ಲಾ ಬಿಚ್ಚಿಸಿ ಮತ್ತೆ ಹೊಲಿಸ್ತಾಳೆ."

"ಎದ್ದರೆ ಎದ್ದೇಳಲಿ ಸಬೀನಕ್ಕ. ಸೂಜಿ ಅವಳ ಕೈಗೇ ಕೊಟ್ಟು ಸುಮ್ಮನೆ ಕೂತ್ಕೋತೀನಿ."

ಅವಿಸಳ ಮೇಲಂಗಿಯ ಕಿಸೆಯಲ್ಲಿ ಅಂಗೈಯಷ್ಟಗಲದ ತೊಗಲಿನ ಅಚ್ಚೊಂದಿತ್ತು. ಸಾಯುವ ಐದು ದಿನ ಮೊದಲು ಅತ್ತೆ ಅದನ್ನು ಹಾಸಿಗೆಯ ಹುಲ್ಲಿನೊಳಗಿಂದ ತೆಗೆದು ಕೊಟ್ಟು, ತನ್ನ ಜೊತೆಯಲ್ಲೇ ಹೊಲಿದುಬಿಡಬೇಕೆಂದು ಮಾತು ಪಡೆದಿದ್ದಳು. ಸಬೀನಾ ಒಂದು ಗಳಿಗೆ ಹೊರಗೆ ಹೋದರೆ ಸಾಕಾಗಿತ್ತು. ಆದರೆ ಸಬೀನಾ ಹೋಗುವ ಬದಲು ಗಿಲ್ಬರ್ಟ್ ಬಂದ.

ಗಿಲ್ಬರ್ಟ್ ಕೋಟೆಯ ಪಾರುಪತ್ಯಗಾರನ ಆಳು. ಬಾಗಿಲಲ್ಲಿ ಟೋಪಿ ತೆಗೆದು, ಶಿಲುಬೆಯ ಗುರುತು ಮಾಡಿಕೊಂಡು, "ದೇವರು ಆಕೆಯ ಆತ್ಮಕ್ಕೆ ಶಾಂತಿ ಕೊಡಲಿ" ಎಂದ. ಅದೇ ಉಸಿರಿನಲ್ಲಿ ಮುಂದುವರಿದ: "ಹೊರಗೆ ಕತ್ತೆ ಮೇಲೆ ಬಿಳಿ ಬಟ್ಟೆ ಹೇರಿಕೊಂಡು ಬಂದಿದೀನಿ. ಇನ್ನೂರು ನಕ್ಷತ್ರ ಆಗ್ಬೇಕು, ಹತ್ತು ದಿನದಲ್ಲಿ."

"ಹೆಣದ ಮುಂದೆ ಹೇಳೋ ಮಾತೇನಯ್ಯಾ ಇದು?" ಎಂದಳು ಸಬೀನಾ.

"ಹೆಣ ಕಾಯುತ್ತೆ ತಾಯಿ, ದಂಡು ಕಾಯೋದಿಲ್ಲ. ಐರ್ಲೆಂಡಿನಲ್ಲಿ ಯಾವನೋ ಹುಡುಗನ್ನ ಹಿಡ್ಕೊಂಡು ಬಂದು, ಇವನೇ ನಿಜವಾದ ಅರಸ ಅಂತ ಮೆರೆಸ್ತಿದಾರಂತೆ. ಯಾರ್ಕಿನ ಕಡೆಯೋರೆಲ್ಲ ಪೆಟ್ಟಿಗೆ ತೆಗೆದು, ಎಡ್ವರ್ಡ್ ಅರಸನ ಕಾಲದ ಸೂರ್ಯನ ಲಾಂಛನಾನ ಮತ್ತೆ ಎದೆಗೆ ಹೊಲಿಸ್ಕೊಂಡಿದಾರೆ. ನಮ್ಮ ದೊರೆ ಸುಮ್ಮನಿರ್ತಾರಾ?" ಅವನು ಅವಿಸಳ ಕಡೆ ತಿರುಗಿದ. "ಸಾದಾ ನಕ್ಷತ್ರ ಬೇಡವಂತೆ. ಹಿಂದೆ ನಿಮ್ಮತ್ತೆ ಮಾಡಿಕೊಟ್ಟಿದ್ರಲ್ಲ, ಸುತ್ತ ಕಿರಣದ ಹಾಗೆ ಕದಿರು ಇರೋದು, ಅದೇ ಬೇಕಂತೆ. ಅಚ್ಚು ಎಲ್ಲಿದೆ?"

"ಸುಟ್ಟುಹೋಯ್ತು."

"ಯಾವಾಗ?"

"ಯಾವಾಗ್ಲೋ. ಮೊದಲು ಆಕೆ ಮಣ್ಣಾಗಲಿ ಗಿಲ್ಬರ್ಟ್. ಆಮೇಲೆ ಬಾ."

"ಬರೋದೇನು, ಇಲ್ಲೇ ಇರ್ತೀನಿ. ತಿಥಿಯ ಹೆಂಡ ಬಿಟ್ಟು ಹೋಗೋಕೆ ನನಗೇನು ಹುಚ್ಚೇ? ಅಂದಹಾಗೆ, ಬಿಲ್ಲುಗಾರರ ಪಟ್ಟಿಯಲ್ಲಿ ನಿಮ್ಮ ಎಲ್ಲಿಸನ ಹೆಸರೇ ಮೊದಲು. ಹದಿನೇಳಕ್ಕೇ ಒಳ್ಳೆ ತೋಳು ಬಂದಿದೆ ನಿಮ್ಮ ಮಗನಿಗೆ."

ಬಟ್ಟೆ ಎಂಥದೆಂದು ನೋಡಲು ಸಬೀನಾ ಅವನ ಹಿಂದೆ ಹೊರಗೆ ಹೋದಳು. ಅವಿಸ್ ಅಚ್ಚನ್ನು ಅತ್ತೆಯ ಜೋಡಿಸಿದ ಕೈಗಳ ಕೆಳಗೆ ತಳ್ಳಿ, ಎದೆಯ ಮೇಲಿನ ಬಟ್ಟೆಯನ್ನು ಎಳೆದು ಹಿಡಿದು, ಹತ್ತಿರ ಹತ್ತಿರವಾಗಿ ಹೊಲಿಯತೊಡಗಿದಳು.

*

ಹದಿನಾರು ವರ್ಷದ ಹಿಂದೆ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಕೋಟೆಯಿಂದ ಮೊದಲ ಅಪ್ಪಣೆ ಬಂದಾಗ ಥಾಮಸೀನಳಿಗೆ ನಲವತ್ತೆಂಟು. ಇಗರ್ಜಿಯ ಪೀಠದ ವಸ್ತ್ರಕ್ಕೆ ಲಿಲ್ಲಿ ಹೂಗಳನ್ನು ಕಸೂತಿ ಮಾಡುತ್ತಿದ್ದ ಕೈ ಅದು. ಅಂಥ ಕೈ ಸುತ್ತಲ ಐದು ಊರುಗಳಲ್ಲಿ ಇರಲಿಲ್ಲ, ಮತ್ತು ಇರಲಿಲ್ಲವೆಂಬುದು ಆಕೆಗೂ ಗೊತ್ತಿತ್ತು. ದೊರೆಯ ಆಳುಗಳ ಕಂದು ಅಂಗಿಯ ಎದೆಗೆ ಐದು ಮೂಲೆಯ ಬಿಳಿಯ ನಕ್ಷತ್ರ ಹಾಕಬೇಕೆಂದಿದ್ದರು. ಮೊದಲನೆಯದನ್ನು ಕತ್ತರಿಸಿ ಮೇಜಿನ ಮೇಲಿಟ್ಟು ಆಕೆ ಮೂಗು ಮುರಿದಳು.

"ಇದೇನೇ ಅವಿಸ್, ಹಿಟ್ಟು ಕತ್ತರಿಸಿಟ್ಟ ಹಾಗಿದೆ! ನಕ್ಷತ್ರ ಅಂದ್ರೆ ಬೆಳಕು ಬೇಡವೇ?"

ಮೂಲೆ ಮೂಲೆಯ ನಡುವೆ ಮೂರು ಮೂರು ಸಣ್ಣ ಕದಿರುಗಳನ್ನು ಆಕೆಯೇ ಯೋಚಿಸಿ ಸೇರಿಸಿದಳು. ಯಾರೂ ಕೇಳಿರಲಿಲ್ಲ. ತೊಟ್ಟಿಲನ್ನು ಕಾಲಿನಿಂದ ತೂಗುತ್ತ ಅವಿಸ್ ಆ ಕದಿರುಗಳನ್ನು ಕತ್ತರಿಸಿ ಕೊಟ್ಟಳು. ತೊಟ್ಟಿಲಲ್ಲಿದ್ದ ಎಲ್ಲಿಸನಿಗೆ ಆಗ ಒಂದು ವರ್ಷ. ಪಾರುಪತ್ಯಗಾರ ನೋಡಿ, ಬೇರೆ ಯಾವ ಊರಿನ ಹೊಲಿಗೆಯೂ ಹೀಗಿಲ್ಲವೆಂದು ಹೊಗಳಿದ, ಕಳಿಸಿದಷ್ಟೂ ಬೇಕೆಂದ. ಉಪವಾಸ ಮುಗಿಯುವುದರೊಳಗೆ ನೂರಾ ಎಂಬತ್ತು ನಕ್ಷತ್ರಗಳಾದವು.

ಮೊದಲನೆಯದನ್ನು ತೊಟ್ಟು ಬೆಳಕಿಗೆ ನಿಂತವನು ಆಕೆಯ ಒಬ್ಬನೇ ಮಗ ಪಿಯರ್ಸ್, ಅವಿಸಳ ಗಂಡ.

"ಅಮ್ಮಾ, ಇಷ್ಟು ಚೆಂದ ಮಾಡಿದ್ರೆ ಗುರಿಯಿಡೋನಿಗೆ ಸುಲಭ ಆಗುತ್ತಲ್ಲೇ!"

"ಬಾಯಿ ಮುಚ್ಚೋ ದರಿದ್ರದವನೇ," ಎಂದು ಆಕೆ ಅಳತೆಕೋಲಿನಿಂದ ಅವನ ತೊಡೆಗೆ ಹೊಡೆದಳು. ಹೊಡೆದು, ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, "ಈಗ ಬೆಳಕು ಬಂತು," ಎಂದಳು.

*

ಚಟ್ಟಕ್ಕೆ ನಾಲ್ವರು ಹೆಗಲು ಕೊಟ್ಟರು. ಆ ನಾಲ್ವರಲ್ಲಿ ಎಲ್ಲಿಸನೊಬ್ಬ. ಉಳಿದ ಮೂವರೂ ಹದಿನಾರು ವರ್ಷದ ಹಿಂದಿನ ಬಾರ್ನೆಟ್‌ನ ಕಾಳಗದಲ್ಲಿ ಅಪ್ಪನನ್ನೋ ಅಣ್ಣನನ್ನೋ ಕಳೆದುಕೊಂಡವರು. ಹಿಂದೆ ಕೋಲೂರಿಕೊಂಡು ಕುಂಟ ರಾಫ್ ಬರುತ್ತಿದ್ದ. ಬಿಲ್ಲುಗಾರನಾಗಿದ್ದವನು, ಆ ಕಾಳಗಕ್ಕೆ ಹೋದ ಹದಿನೆಂಟು ಮಂದಿಯಲ್ಲಿ ಮರಳಿ ಬಂದ ನಾಲ್ವರ ಪೈಕಿ ಈಗ ಬದುಕಿರುವವನು ಅವನೊಬ್ಬನೇ.

"ನಿಧಾನ ಕಣ್ರೋ, ಹೊಲದ ಒಡ್ಡಿನ ಮೇಲೆ ಹೆಣ ಕುಲುಕಿಸ್ಬೇಡಿ," ಎಂದು ಅವನು ಕೂಗಿದ. "ಜೀವ ಇದ್ದಾಗ್ಲೇ ಅವಳ ಬಾಯಿಗೆ ನಾವು ಹೆದರ್ತಿದ್ವಿ."

"ಹತ್ತಿಯಷ್ಟು ಹಗುರ ಆಗಿದಾಳೆ ರಾಫಣ್ಣ," ಎಂದ ಮುಂದಿನವನು.

"ಆಗದೆ ಏನು? ಒಬ್ಬನೇ ಮಗ ಹೋದ ಮೇಲೆ ಅನ್ನ ಎಲ್ಲಿ ಮೈಗೆ ಹತ್ತುತ್ತೆ."

ಸಾವಿನ ಗಂಟೆ ಬಡಿಯುತ್ತಿತ್ತು. ಹಿಂದಿನ ರಾತ್ರಿ ಮಳೆ ಬಿದ್ದು ಹೊಳೆಯಂಚಿನ ಹುಲ್ಲುಗಾವಲೆಲ್ಲ ನೆನೆದಿತ್ತು. ಅವಿಸ್ ಮಗನ ಬೆನ್ನನ್ನು ನೋಡುತ್ತ ನಡೆದಳು. ಅಗಲವಾದ ಬೆನ್ನು, ಅವನ ಅಪ್ಪನದೇ.

*

ಬಾರ್ನೆಟ್‌ನಿಂದ ರಾಫ್ ಬಂದದ್ದು ಈಸ್ಟರ್ ಕಳೆದು ಹತ್ತು ದಿನಕ್ಕೆ, ಸೊಂಟದಲ್ಲಿ ಮುರಿದ ಬಾಣದ ಸಮೇತ. ಊರೆಲ್ಲ ಅವನ ಸುತ್ತ ನೆರೆದಿತ್ತು.

"ಬೆಳಗಾಗಿದ್ರೂ ಬೆಳಗಾಗಿರ್ಲಿಲ್ಲ. ಅಂಥಾ ಮಂಜು," ಎಂದು ಅವನು ಹೇಳಿದ್ದ. "ನಾವು ಎಡ್ವರ್ಡ್ ಅರಸನ ದಂಡಿನ ಒಂದು ಪಕ್ಕಾನ ಮುರಿದು ಅಟ್ಟಿಕೊಂಡು ಹೋದ್ವಿ. ಗೆದ್ವಿ ಅಂತ ತಿರುಗಿ ನಮ್ಮೋರ ಹತ್ತಿರಕ್ಕೇ ಬರ್ತಿದ್ವಿ. ಬರ್ತಿದ್ದ ಹಾಗೇ ನಮ್ಮೋರೇ ಬಾಣ ಬಿಟ್ರು. ನಮ್ಮ ಕಡೆಯೋರೇ! ದ್ರೋಹ ಕಣ್ರಪ್ಪಾ, ಶುದ್ಧ ದ್ರೋಹ. ಎಡ್ವರ್ಡನ ಹತ್ರ ಲಂಚ ತಿಂದಿದ್ರು. ಪಿಯರ್ಸ್ ನನ್ನ ಎಡಗಡೆಗೇ ಬಿದ್ದ."

ಥಾಮಸೀನ್ ಅಳಲಿಲ್ಲ. "ಬಿಡೋಕೆ ಮುಂಚೆ ಏನಾದ್ರೂ ಕೂಗಿದ್ರಾ?" ಎಂದು ಮಾತ್ರ ಕೇಳಿದಳು.

"ಕೂಗಿದ್ರು. 'ಸೂರ್ಯ, ಸೂರ್ಯನೋರು ಬಂದ್ರು' ಅಂತ ಕೂಗಿದ್ರು. ನಾಟಕ! ಎಡ್ವರ್ಡನ ಲಾಂಛನ ಸೂರ್ಯ ಅಂತ ಯಾವ ಮಗುವಿಗೆ ಗೊತ್ತಿಲ್ಲ? ನಮ್ಮ ಎದೆ ಮೇಲಿದ್ದದ್ದು ನಕ್ಷತ್ರ."

ಆಕೆ ರಾಫನ ಎದೆಯ ಮೇಲೆ, ರಕ್ತ ಒಣಗಿದ ಅಂಗಿಯ ಮೇಲೆ, ತನ್ನ ಕೈಯ ಹದಿನೈದು ಕದಿರುಗಳನ್ನು ನೋಡುತ್ತ ನಿಂತಳು. ಆಮೇಲೆ ಬಾಗಿಲಿನವರೆಗೆ ಹಿಂದೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ಮತ್ತೆ ನೋಡಿದಳು. ಅಂದಿನಿಂದ ಆಕೆ ಬಣ್ಣದ ದಾರ ಮುಟ್ಟಲಿಲ್ಲ. ಪೀಠದ ವಸ್ತ್ರದಲ್ಲಿ ಕೊನೆಯ ಲಿಲ್ಲಿಗೆ ಎಲೆಯಿಲ್ಲದೆ ಹೋಯಿತು. ಊರಿನವರು ಅದನ್ನು ಪುತ್ರಶೋಕವೆಂದರು. ದ್ರೋಹಿಗಳನ್ನು ಶಪಿಸುತ್ತ ಊರು ಹದಿನಾರು ವರ್ಷ ಕಳೆಯಿತು. ಆಕೆ ಊರಿನ ಹೆಣಗಳಿಗೆ ಬಟ್ಟೆ ಹೊಲಿಯುತ್ತ ಕಳೆದಳು.

ಸಾಯುವ ಮುನ್ನ ಸೊಸೆಗೆ ಮಾತ್ರ ಹೇಳಿದಳು. "ಯಾರೂ ದ್ರೋಹ ಮಾಡ್ಲಿಲ್ಲ ಕಣೇ. ಮಂಜಿನಲ್ಲಿ ಆ ಕದಿರು ಕಂಡ್ರೆ ನಾನೇ ಬಾಣ ಬಿಡ್ತಿದ್ದೆ."

ಗಿಲ್ಬರ್ಟ್ ಬಂದ ಗಳಿಗೆಯಲ್ಲೇ ಸತ್ಯ ಹೇಳಬೇಕೆಂದು ಅವಿಸ್ ನಿಶ್ಚಯಿಸಿದ್ದಳು. ಆದರೆ ಹೇಳಿದರೆ ಚಟ್ಟಕ್ಕೆ ಹೆಗಲು ಯಾರದು? ಮೊದಲು ಮಣ್ಣು ಬೀಳಲಿ ಎಂದು ಕಾದಳು.

*

ಮಣ್ಣು ಬಿತ್ತು. ಪಾದ್ರಿಯವರು ಕೊನೆಯ ಪ್ರಾರ್ಥನೆ ಹೇಳಿ, ಪವಿತ್ರಜಲ ಚಿಮುಕಿಸಿ, ಮನೆಗೆ ಬಂದು ಒಂದು ಬಟ್ಟಲು ಕುಡಿದು ಹೋದರು. ಬಡವರಿಗೆ ರೊಟ್ಟಿ ಹಂಚಿದ್ದಾಯಿತು. ಅಂಗಳದ ಬೆಂಚುಗಳ ಮೇಲೆ ಬಾರ್ಲಿಯ ಹೆಂಡ, ಗಿಣ್ಣು ಎಲ್ಲ ಓಡಾಡತೊಡಗಿದಾಗ ಗಿಲ್ಬರ್ಟ್ ಬಟ್ಟೆಯ ಸುರುಳಿ ಬಿಚ್ಚಿದ.

"ಅಚ್ಚಿಲ್ಲ ಅಂತಾರೆ. ಯಾರಿಗಾದ್ರೂ ನೆನಪಿದೆಯಾ, ಹೇಗಿತ್ತು ಅಂತ?"

"ನೆನಪ್ಯಾಕೆ?" ಎಂದ ರಾಫ್. ಅಂಗಿಯ ಒಳಗೆ ಕೈ ಹಾಕಿ, ಮಡಿಸಿದ ಬಟ್ಟೆಯ ತುಂಡೊಂದನ್ನು ತೆಗೆದು ಮಂಡಿಯ ಮೇಲೆ ಹರಡಿದ. ಹಳದಿಗಟ್ಟಿದ, ಕಲೆಯಾದ ನಕ್ಷತ್ರ. ಒಂದು ಕದಿರೂ ಕಿತ್ತುಹೋಗಿರಲಿಲ್ಲ. "ಹದಿನಾರು ವರ್ಷ ಎದೆ ಬಿಟ್ಟು ಇಳಿಸಿಲ್ಲ. ಹೊಲಿಗೆ ನೋಡಿ! ಹೊಲಿದ ಕೈ ಇವತ್ತು ಮಣ್ಣಾಯ್ತು."

ಹೆಂಗಸರು ಬಗ್ಗಿ ನೋಡಿದರು. ಒಬ್ಬಳು ಆಗಲೇ ಕತ್ತರಿ ತಂದಳು.

"ಬೇಡ," ಎಂದಳು ಅವಿಸ್. "ಐದು ಮೂಲೆ ಸಾಕು. ಕದಿರು ಹಾಕ್ಬೇಡಿ."

"ಯಾಕೆ?" ಎಂದ ಗಿಲ್ಬರ್ಟ್.

"ದೂರದಿಂದ ಸೂರ್ಯನ ಹಾಗೆ ಕಾಣುತ್ತೆ. ಆವತ್ತು ನಮ್ಮೋರು ಬಾಣ ಬಿಟ್ಟಿದ್ದು ಅದಕ್ಕೇ. ದ್ರೋಹ ಅಲ್ಲ ರಾಫಣ್ಣ, ಈ ಕದಿರು. ಅತ್ತೆಗೆ ಗೊತ್ತಿತ್ತು. ನನ್ನ ಹತ್ರ ಹೇಳಿದ್ಲು. ಆ ಕದಿರು ಕತ್ತರಿಸಿ ಕೊಟ್ಟೋಳು ನಾನೇ."

ಬಟ್ಟಲುಗಳು ನಿಂತವು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ರಾಫ್ ತನ್ನ ಮಂಡಿಯ ಮೇಲಿನ ನಕ್ಷತ್ರವನ್ನು ನೋಡಿದ. ಬಳಿಕ ಅವನ ಮುಖ ಕೆಂಪಾಯಿತು.

"ನನ್ನ ಎಡಗಡೆ ಬಿದ್ದೋನು ನಿನ್ನ ಗಂಡ. ಅವನನ್ನ ಅವನ ತಾಯೇ ಕೊಂದಳು ಅಂತೀಯಾ? ಗೋರಿ ಮಣ್ಣು ಇನ್ನೂ ಒದ್ದೆ ಇದೆ ಕಣೇ!"

"ಅತ್ತೆ ಸತ್ತರೂ ಸೊಸೆಯ ಹೊಟ್ಟೆಯುರಿ ಸಾಯೋದಿಲ್ಲ," ಎಂದಳು ಕತ್ತರಿ ಹಿಡಿದವಳು.

"ಮಗನನ್ನ ಪಟ್ಟಿಯಿಂದ ಬಿಡಿಸೋಕೆ ಕಟ್ಟಿದ ಕತೆ," ಎಂದು ಗಿಲ್ಬರ್ಟ್ ನಕ್ಕ. "ತಾಯಂದಿರು ಏನೇನೋ ಹೇಳ್ತಾರೆ. ಇದು ಹೊಸದು."

ಅವಿಸ್ ಸಬೀನಳ ಕಡೆ ನೋಡಿದಳು. ಸಬೀನಾ ತನ್ನ ಬಟ್ಟಲನ್ನು ಬೆಂಚಿನ ಮೇಲಿಟ್ಟಳು. "ನನ್ನ ಗಂಡನ್ನ ಯಾವ ಗುಂಡಿಗೆ ಹಾಕಿದ್ರೋ ಗೊತ್ತಿಲ್ಲ," ಎಂದಳು ಮೆಲ್ಲಗೆ. "ಎದೆ ಮೇಲೆ ಥಾಮಸೀನಳ ಕೈಯ ನಕ್ಷತ್ರ ಇತ್ತು, ಅಷ್ಟು ಗೊತ್ತು. ಇಷ್ಟು ವರ್ಷ ಅದೊಂದನ್ನೇ ನೆನೆಸ್ಕೊಂಡು ಮಲಗ್ತಿದ್ದೆ. ಅದನ್ನೂ ಕಿತ್ಕೋಬೇಡ ಅವಿಸ್." ಹಾಗೆಂದು ಕತ್ತರಿಯನ್ನು ತಾನೇ ತೆಗೆದುಕೊಂಡು, ರಾಫನ ನಕ್ಷತ್ರವನ್ನು ಹೊಸ ಬಟ್ಟೆಯ ಮೇಲಿಟ್ಟು ಸುತ್ತಲೂ ಇದ್ದಿಲಿನಿಂದ ಗೀರೆಳೆದಳು.

"ಅಮ್ಮಾ, ಸಾಕು ಮಾಡು," ಎಂದ ಎಲ್ಲಿಸ್. ಅವನ ಕಿವಿಗಳು ಕೆಂಪಾಗಿದ್ದವು. "ಎಲ್ಲರೂ ನೋಡ್ತಿದಾರೆ."

"ಮೊದಲನೇದು ಥಾಮಸೀನಳ ಮೊಮ್ಮಗನಿಗೇ," ಎಂದು ಯಾರೋ ಕೂಗಿದರು. ಎಲ್ಲರಿಗೂ ಅದು ಒಪ್ಪಿಗೆಯಾಯಿತು. ಮೂವರು ಹೆಂಗಸರು ಸೇರಿ ಹೊಲಿದರು. ಸತ್ತವಳ ಮಾನಕ್ಕೆ ಕುಂದು ಬಾರದಂತೆ ಒಂದೊಂದು ಕದಿರನ್ನೂ ಎಣಿಸಿ, ತುದಿ ಚೂಪಾಗಿದೆಯೇ ಎಂದು ಉಗುರಿನಿಂದ ತೀಡಿ ನೋಡಿ ಹೊಲಿದರು. ಎಲ್ಲಿಸ್ ಅದನ್ನು ತೊಟ್ಟುಕೊಂಡೇ, ತಾಯಿಯ ಕಡೆ ತಿರುಗದೆ, ಇಗರ್ಜಿಗೆ ಸೇರಿದ ಚಟ್ಟವನ್ನು ಮರಳಿಸಿ ಬರಲು ತಲೆಯ ಮೇಲೆ ಹೊತ್ತು ಹುಲ್ಲುಗಾವಲಿನ ಹಾದಿ ಹಿಡಿದ.

ಸಂಜೆಯ ಹೊತ್ತಿಗೆ ಜನ ಕರಗಿದರು. ಕೋಲ್ನ್ ಹೊಳೆಯಿಂದ ಮಂಜು ಎದ್ದು ಹುಲ್ಲುಗಾವಲನ್ನು ಮೆಲ್ಲನೆ ತುಂಬಿಕೊಂಡಿತು. ಮೊದಲು ಬೇಲಿ ಮರೆಯಾಯಿತು, ಆಮೇಲೆ ವಿಲ್ಲೋ ಮರಗಳ ಬುಡ. ಅವಿಸ್ ಮನೆಯ ಮುಂದಿನ ತಡಿಕೆಗೆ ಒರಗಿ ನಿಂತಿದ್ದಳು. ಕೊನೆಯ ಬಟ್ಟಲು ಮುಗಿಸಿದ ರಾಫ್ ಕೋಲೂರಿಕೊಂಡು ಆಚೆ ಹೊರಟವನು ಅವಳ ಪಕ್ಕದಲ್ಲಿ ನಿಂತ.

"ನಾನು ಕುಡಿದು ಆಡಿದ ಮಾತು, ಮನಸ್ಸಿಗೆ ಹಚ್ಕೋಬೇಡ," ಎಂದ. "ನಿನ್ನ ದುಃಖ ನನಗೆ ಗೊತ್ತಾಗಲ್ವೇನೆ? ಆದ್ರೆ ಇನ್ನೊಂದು ಸಲ ಆ ಮಾತು ಆಡಬೇಡ. ಹದಿನಾಲ್ಕು ಮನೆಗಳಿವೆ ಊರಿನಲ್ಲಿ..."

ಮಾತು ಅಲ್ಲಿಗೇ ನಿಂತಿತು. ಹುಲ್ಲುಗಾವಲಿನ ಮಂಜಿನೊಳಗಿಂದ ಒಂದು ಆಕೃತಿ ಬರುತ್ತಿತ್ತು. ಮುಖವಿರಲಿಲ್ಲ, ಕಾಲಿರಲಿಲ್ಲ; ಎದೆಯ ಮಟ್ಟದಲ್ಲಿ ದುಂಡಗೆ, ಬೆಳ್ಳಗೆ, ಸುತ್ತಲೂ ಕದಿರು ಚೆಲ್ಲಿಕೊಂಡು ಒಂದು ಗುರುತು ಮಾತ್ರ ತೇಲಿ ಹತ್ತಿರವಾಗುತ್ತಿತ್ತು.

ರಾಫನ ಕೋಲು ಕೆಳಗೆ ಬಿತ್ತು. ಕುಂಟುಗಾಲನ್ನು ಹಿಂದಕ್ಕೂರಿ ಅವನು ಓರೆಯಾಗಿ ನಿಂತ. ಎಡಗೈ ಮುಷ್ಟಿಗಟ್ಟಿ ಮುಂದಕ್ಕೆ ಚಾಚಿತು. ಬಲಗೈ ಸೊಂಟಪಟ್ಟಿಯ ಬಳಿಗೆ ಹೋಗಿ, ಹದಿನಾರು ವರ್ಷದ ಹಿಂದೆ ಬಾಣಗಳನ್ನು ಸಿಕ್ಕಿಸಿಕೊಳ್ಳುತ್ತಿದ್ದ ಜಾಗದಲ್ಲಿ ತಡಕಾಡತೊಡಗಿತು.