ನಡುಗುವ ಹೆಬ್ಬಾತು

ನಮ್ಮ ಹೆಬ್ಬಾತಿಗೆ ಯಾರೂ ಹೆದರುತ್ತಿರಲಿಲ್ಲ.

ಬಾಂಡುಂಗ್‌ನ ಒಂದು ಓಣಿಯಲ್ಲಿ, ಸುರಾಬಿ ದೋಸೆ ಸುಡುವ ಅಂಗಡಿಯ ಮಹಡಿಯ ಮೇಲೆ, ನಾನೂ ಗುಮಿಲಾರನೂ ಮೂರು ವರ್ಷದಿಂದ ಒಂದು ವಿಡಿಯೋ ಗೇಮ್ ಕಟ್ಟುತ್ತಿದ್ದೆವು. ಚಿತ್ರ ನನ್ನದು, ಕಂಪ್ಯೂಟರಿನ ಕೆಲಸ ಅವನದು. ಆಡುವವರು ಪಾಳುಬಿದ್ದ ಚಿತ್ರಮಂದಿರದಲ್ಲಿ ಸಿಕ್ಕಿಕೊಂಡಿರುತ್ತಾರೆ. ತೆರೆಯಿಂದ ಇಳಿದು ಬಂದ ಹಳೇ ಕಾಲದ ಕಪ್ಪುಬಿಳುಪು ಕಾರ್ಟೂನ್ ಹೆಬ್ಬಾತೊಂದು ಟೋಪಿ ಹಾಕಿಕೊಂಡು, ನಗುತ್ತ, ಅವರನ್ನು ಹುಡುಕುತ್ತಿರುತ್ತದೆ. ಅದಕ್ಕೆ ಕಣ್ಣು ಕಾಣದು, ಕಿವಿ ಮಾತ್ರ ಬಲು ಚುರುಕು. ಅದರ ಕೈಗೆ ಸಿಗದೆ ಹೊರಬಾಗಿಲು ಮುಟ್ಟಿದರೆ ಬದುಕಿದಂತೆ. ಆದರೆ ಆಡಿನೋಡಲು ಬಂದ ಗೆಳೆಯರೆಲ್ಲ ನಕ್ಕರು.

"ರೆಂಗಾನಿಸ್, ನಿನ್ ಬಾತು ಮದುವೆ ಮನೆಗೆ ಹೊರಟಂಗಿದೆ. ಹಿಡ್ಕೊಂಡ್ರೆ ಊಟದ ಪೊಟ್ಟಣ ಕೊಟ್ ಕಳಿಸತ್ತೆ," ಎಂದ ಗುಮಿಲಾರ್.

ತಪ್ಪಿದ್ದದ್ದು ಅದರ ನಡಿಗೆಯಲ್ಲಿ. ಆ ಕಾಲದ ಕಾರ್ಟೂನಿನ ನಡಿಗೆ ಗೊತ್ತಿದ್ದವರು ನಮ್ಮ ಬಡಾವಣೆಯಲ್ಲಿ ಒಬ್ಬರೇ, ಸುಂಪೇನಾ. ಓಣಿಗೆಲ್ಲ ಅವರು 'ಅಕಿ', ಅಂದರೆ ಅಜ್ಜ. ಪ್ರಾಯದಲ್ಲಿ ಅವರು ಸಿನಿಮಾ ಶುರುವಾಗುವ ಮುಂಚೆ ತೋರಿಸುವ ಸೋಪು, ಸೊಳ್ಳೆಬತ್ತಿಗಳ ಜಾಹೀರಾತಿನ ಕಾರ್ಟೂನು ಬರೆಯುತ್ತಿದ್ದರು. ನಾನು ಹೋದಾಗ ಬಲಗೈಯನ್ನು ಸರೋಂಗ್ ಲುಂಗಿಯ ಮಡಿಕೆಯಲ್ಲಿ ಹುದುಗಿಸಿಕೊಂಡು ಕೂತಿದ್ದರು.

"ಕೈ ನನ್ ಮಾತು ಕೇಳಲ್ಲ ನೆಂಗ್. ಲೋಟ ಎತ್ತಿದ್ರೆ ಅರ್ಧ ಕಾಫಿ ಅಂಗಿ ಕುಡಿಯತ್ತೆ," ಎಂದರು. ಓಣಿಯ ಹುಡುಗಿಯರೆಲ್ಲ ಅವರಿಗೆ 'ನೆಂಗ್', ಅಂದರೆ ಮಗಳು.

"ನಡಿಗೆ ಹೆಂಗೆ ಅಂತ ತೋರ್ಸಿ ಸಾಕು ಅಕಿ. ಗೆರೆ ನಾನು ತಿದ್ಕೋತೀನಿ."

ವಾರವಿಡೀ ಕೂತು ಹನ್ನೆರಡು ಹಾಳೆ ಬರೆದುಕೊಟ್ಟರು. ಪ್ರತಿ ಗೆರೆಯೂ ಗಾಳಿಗೆ ಸಿಕ್ಕ ದಾರದಂತೆ ಅಲುಗುತ್ತಿತ್ತು. ನಾನು ಅವರ ಮರ್ಯಾದೆ ಕಾಯುವವಳ ಹಾಗೆ ಒಂದೊಂದನ್ನೂ ನೇರ ಮಾಡಿದೆ. ಹೆಬ್ಬಾತು ಮತ್ತೆ ಮದುವೆಗೇ ಹೊರಟಿತು.

ಒಂದು ದಿನ ಗುಮಿಲಾರ್ ಮರೆತು, ತಿದ್ದದ ಹಾಳೆಗಳನ್ನೇ ಕಂಪ್ಯೂಟರಿಗೆ ಹಾಕಿದ. ನಾನು ಒಳಗೆ ಬಂದಾಗ ಕುರ್ಚಿ ಹಿಂದೆ ತಳ್ಳಿ ಗೋಡೆಗೆ ಒರಗಿ ನಿಂತಿದ್ದ.

"ನಿಂತಲ್ಲೇ ನಿಂತಿದೆ ನೋಡು," ಎಂದ ಮೆಲ್ಲಗೆ. "ಆದ್ರೆ ಮೈ ಸುಮ್ನಿಲ್ಲ. ಒಳಗಿಂದ ಏನೋ ಹೊರಗೆ ಬರೋಕೆ ಒದ್ದಾಡ್ತಿದೆ."

ನೋಡಿದೆ. ನಗು ಅದೇ, ಟೋಪಿ ಅದೇ. ಆದರೂ ನಾನೂ ಗೋಡೆಯ ಕಡೆಗೆ ಸರಿದೆ.

ಆ ಗೆರೆಗಳನ್ನು ಹೇಳದೆ ಕೇಳದೆ ಬಳಸಲು ಮನಸ್ಸು ಒಪ್ಪಲಿಲ್ಲ. ಅಕಿಯ ಬಳಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ: "ನಿಮ್ಮ ಕೈ ನಡುಗೋದೇ ಭಯ ಹುಟ್ಟಿಸ್ತಿದೆ."

ಅವರು ಬಲಗೈಯನ್ನು ಲುಂಗಿಯ ಮಡಿಕೆಯಿಂದ ಹೊರತೆಗೆದು ನೋಡಿಕೊಂಡರು. "ಹತ್ತು ವರ್ಷದಿಂದ ಬಚ್ಚಿಟ್ಟಿದ್ದನ್ನ ಊರಿಗೆಲ್ಲ ತೋರಿಸ್ತೀನಿ ಅಂತೀಯ."

"ಬೇಡ ಅಂದ್ರೆ ಅಳಿಸಿಬಿಡ್ತೀನಿ ಅಕಿ."

"ಮೊದ್ಲು ನಾನು ಆಡಿ ನೋಡ್ತೀನಿ."

ಭಾನುವಾರ ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದರು. ಬೆಟ್ಟದ ಮಂಜು ಇಳಿದು ಕಿಟಕಿಗೆ ಹಾಲು ಬಳಿದಂತಾಗಿತ್ತು. ಉಳಿದವರೆಲ್ಲ ಆಟ ಶುರುವಾದೊಡನೆ ಓಡುತ್ತಿದ್ದರು, ಮೂರು ನಿಮಿಷಕ್ಕೆ ಸಿಕ್ಕಿಬೀಳುತ್ತಿದ್ದರು. ಅಕಿ ಓಡಲಿಲ್ಲ. ಸಾಲು ಕುರ್ಚಿಗಳ ನಡುವೆ, ನೀರಿನಡಿಯಲ್ಲಿ ನಡೆಯುವವರ ಹಾಗೆ, ಹೆಜ್ಜೆ ಹೆಜ್ಜೆಯಾಗಿ ಹೋದರು. ಆಟದ ಚಿತ್ರಮಂದಿರದ ಗೋಡೆಯ ಮೇಲೆ ಅವರ ಹಳೇ ಸೋಪಿನ ಜಾಹೀರಾತಿನ ಹುಡುಗಿಯನ್ನು ನಾನೇ ನಕಲು ಮಾಡಿ ಬರೆದಿದ್ದೆ. ಅಲ್ಲಿ ನಿಂತುಬಿಟ್ಟರು. ಬೆಳಕಿನ ಕೋಲಿನಲ್ಲಿ ಧೂಳು ತೇಲುತ್ತಿತ್ತು. ಹೆಬ್ಬಾತು ಬಂದು ಅವರ ಬೆನ್ನಿಗೇ ನಿಂತು ಆಲಿಸಿತು. ಏನೂ ಕೇಳಿಸದೆ ಹಾದುಹೋಯಿತು. ಗುಮಿಲಾರ್ ಉಸಿರು ಬಿಟ್ಟಿದ್ದು ಆಗಲೇ.

ಮುಕ್ಕಾಲು ಗಂಟೆಗೆ ಹೊರಬಾಗಿಲು ಸಿಕ್ಕಿತು. ಅಕಿ ಅದನ್ನು ತೆರೆದು, ದಾಟದೆ, ಹಿಂತಿರುಗಿ ನೋಡಿದರು.

"ಇದು ಸಿಟ್ಟಿಗೆ ಜನರನ್ನ ಹುಡುಕ್ತಿದೆ ಅಂತ ಯಾಕೆ ಮಾಡಿದೀರಿ?"

"ಹೆದರಿಸೋಕೆ ಅಕಿ," ಎಂದ ಗುಮಿಲಾರ್.

"ಸಿಟ್ಟಲ್ಲಪ್ಪ ಇದು. ಸಿನಿಮಾ ಮುಗ್ದು ಎಲ್ರೂ ಹೋದ್ಮೇಲೆ, ಮನೆ ಯಾವ್ ಕಡೆ ಅಂತ ಗೊತ್ತಾಗ್ದೆ ನಿಂತಿದೆ. ಇದನ್ನೂ ಹೊರಗೆ ಬಿಡಿ. ಬಿಡೋದಾದ್ರೆ ಗೆರೆ ತಗೊಳ್ಳಿ. ಒಂದನ್ನೂ ತಿದ್ದಬೇಡಿ."

ಹಾಗೆ ಆಟಕ್ಕೆ ಎರಡನೆಯ ಕೊನೆ ಬಂತು. ಓಡದೆ ಬಂದು, ಬಾಗಿಲು ಹಿಡಿದು ಸುಮ್ಮನೆ ಕಾದರೆ, ಹೆಬ್ಬಾತು ಪಕ್ಕದಲ್ಲೇ ಹಾದು ಬೆಳಕಿಗೆ ನಡೆದುಹೋಗುತ್ತದೆ. ಅದಕ್ಕೆ ಬೇಕಾದ ಹದಿನಾರು ಹೊಸ ಹಾಳೆಗಳಿಗೆ ಅಕಿ ಎರಡು ತಿಂಗಳು ತೆಗೆದುಕೊಂಡರು. ಕೊನೆಯವನ್ನು ಕುಂಚ ಎರಡೂ ಕೈಯಲ್ಲಿ ಹಿಡಿದು ಬರೆದರು.

ಆಟ ಹೊರಬಂತು. ಜನ ಹೆದರಿದರು, ಹೆದರಿದ್ದಕ್ಕೆ ಹೊಗಳಿದರು. ಎರಡನೆಯ ಕೊನೆ ಕಂಡವರು ತೀರಾ ಕಡಿಮೆ. ಅವರಲ್ಲಿ ಸುರಬಾಯಾ ಊರಿನ ಒಬ್ಬ ಹುಡುಗಿ ನಮಗೆ ಬರೆದಿದ್ದಳು: ಬಾತು ಹೋದ ಮೇಲೆ ನನಗೆ ಏಳಲು ಮನಸ್ಸಾಗಲಿಲ್ಲ, ಖಾಲಿ ಚಿತ್ರಮಂದಿರದಲ್ಲಿ ಸುಮ್ಮನೆ ಕೂತಿದ್ದೆ, ಅಲ್ಲಿ ಹಾಗೆ ಕೂರಬಹುದೇ?

ಅಕಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು.

"ಬರಿ ನೆಂಗ್," ಎಂದರು. "ಕುರ್ಚಿ ಬೇಕಾದಷ್ಟಿದೆ, ಎಷ್ಟ್ ಹೊತ್ತಾದ್ರೂ ಕೂತ್ಕೊಮ್ಮ ಅಂತ ಬರಿ."